ಆ ಐದು ಕುರ್ಚಿಗಳ ಬಗ್ಗೆ, ಫಾಲ್ಸಮ್‌ನ ತಂಗಿಗೆ

ತಂಗಿ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ತಡವಾಯಿತು ಅಂತ ಬೇಸರ ಮಾಡಿಕೊಳ್ಳಬೇಡ. ನಾನೀಗ ಊರಲ್ಲಿದ್ದೇನೆ, ಸಾಗರದ ಹತ್ತಿರ ಅಮ್ಮನ ಮನೆಯಲ್ಲಿ. ಮಳೆ ಒಂದೇ ಸಮ ಹೊಯ್ಯುತ್ತಿದೆ. ಮೊನ್ನೆ ರಾತ್ರಿ ತೋಟದ ಅಂಚಿನ ಹಲಸಿನ ಮರ ಲೈನ್ ಮೇಲೆ ಬಿತ್ತು. ಆಗಿನಿಂದ ಕರೆಂಟ್ ಇಲ್ಲ. ಲೈನ್‌ಮನ್ ಬೆಳಿಗ್ಗೆಯಿಂದ ಈ ಮಳೆಯಲ್ಲೇ ಕಂಬ ಹತ್ತಿ ಇಳಿಯುತ್ತಿದ್ದಾರೆ. ಅಮ್ಮ ಎರಡು ಸಲ ಕಾಫಿ ಕೊಟ್ಟು ಬಂದಳು. ಜಗುಲಿಯಲ್ಲಿ ಕೂತು ಕೈಯಲ್ಲೇ ಬರೆಯುತ್ತಿದ್ದೇನೆ. ಆಮೇಲೆ ಟೈಪ್ ಮಾಡಿ ಕಳಿಸುತ್ತೇನೆ.

ನೀನು ಬರೆದಿದ್ದೆ: "ಅಕ್ಕ, ಕ್ಯಾಲಿಫೋರ್ನಿಯಾದ ಫಾಲ್ಸಮ್‌ಗೆ ಬಂದು ಆರು ವಾರ ಆಯಿತು. ಶಿವಮೊಗ್ಗದಲ್ಲಿ ಎಲೆಕ್ಟ್ರಿಕಲ್ ಓದಿದೆ. ಟಿಸಿ (ಟ್ರಾನ್ಸ್‌ಫಾರ್ಮರ್) ಕೂರಿಸುವ ಗುತ್ತಿಗೆದಾರರ ಹತ್ತಿರ ಮೂರು ವರ್ಷ ಎಸ್ಟಿಮೇಟ್ ಬರೆದೆ. ಈಗ ಡಿಪೆಂಡೆಂಟ್ ವೀಸಾದಲ್ಲಿ ಸುಮ್ನೆ ಮನೆಯಲ್ಲಿ ಕೂತಿದ್ದೇನೆ. ಸಿಕ್ಕವರೆಲ್ಲ ನಿಮ್ಮ ಬ್ಯಾಕ್‌ಗ್ರೌಂಡ್ ಏನು ಅಂತ ಕೇಳುತ್ತಾರೆ. ಏನು ಹೇಳಲಿ? ಪಕ್ಕದ ಮನೆಯ ಅಜ್ಜ ಹೇಳಿದರು, ಇಲ್ಲಿನ ರಾಜ್ಯದ ಎನರ್ಜಿ ಕಮಿಷನ್‌ನಲ್ಲಿ ಯಾರು ಏನು ಓದಿರಬೇಕು ಅಂತ ಕಾನೂನಿನಲ್ಲೇ ಬರೆದಿದೆಯಂತೆ. ನಿಜವಾ? ನಮ್ಮಂಥವರು ಅಲ್ಲಿಗೆ ಹೋಗಬಹುದಾ? ಇಲ್ಲಿ ಬದುಕು ಹೇಗೆ?"

ಬದುಕಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ತೀರ್ಥಹಳ್ಳಿಯ ಮಳೆಯಲ್ಲಿ ಬೆಳೆದವಳಿಗೆ ಅಲ್ಲಿಯ ಬೇಸಿಗೆ ಕಷ್ಟ. 40 ಡಿಗ್ರಿ ದಾಟುತ್ತದೆ, ತಿಂಗಳುಗಟ್ಟಲೆ ಒಂದು ಹನಿ ಬೀಳುವುದಿಲ್ಲ. ಸಂಜೆ ನದಿಗಳ ಡೆಲ್ಟಾ ಕಡೆಯಿಂದ ತಂಪು ಗಾಳಿ ಬಂದರೆ ಕಿಟಕಿ ಎಲ್ಲಾ ತೆರೆದಿಡು. ವಾರದ ದಿನ ಸಂಜೆ 5ರಿಂದ 8ರವರೆಗೆ ಬಟ್ಟೆ ಒಗೆಯುವ ಮಷೀನ್ ಹಾಕಬೇಡ, ಆ ಹೊತ್ತಿಗೆ ಕರೆಂಟಿನ ದರ ಜಾಸ್ತಿ. ಮನೆಯಲ್ಲಿ ಒಬ್ಬಳೇ ಕೂರುವ ಬೇಸರ ನನಗೂ ಗೊತ್ತು. 2008ರಲ್ಲಿ ಹೋದಾಗ ಒಂದೂವರೆ ವರ್ಷ ಹಾಗೇ ಕೂತಿದ್ದೆ. ಅದರಿಂದ ಹೊರಗೆ ಬಂದದ್ದು ನಿನ್ನ ಎರಡನೇ ಪ್ರಶ್ನೆಯ ದಾರಿಯಲ್ಲೇ. ಹಾಗಾಗಿ ಅದನ್ನೇ ವಿವರವಾಗಿ ಬರೆಯುತ್ತೇನೆ.

ಅಜ್ಜ ಹೇಳಿದ್ದು ನಿಜ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಅಮೆರಿಕ ಗಾಬರಿಯಾಯಿತು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ವಾರನ್ ಮತ್ತು ಆಲ್ಕ್ವಿಸ್ಟ್ ಎಂಬ ಇಬ್ಬರು ಶಾಸಕರ ಹೆಸರಿನ ಕಾನೂನು ಬಂತು. ಸಹಿ ಹಾಕಿದವರು ಆಗ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್. 1975ರಲ್ಲಿ ಕಮಿಷನ್ ಶುರುವಾಯಿತು. ಅದರಲ್ಲಿ ಐದು ಕುರ್ಚಿ. ಒಂದಕ್ಕೆ ಎಂಜಿನಿಯರಿಂಗ್ ಅಥವಾ ಭೌತ ವಿಜ್ಞಾನ ಬಲ್ಲವರು ಬರಬೇಕು. ಇನ್ನೊಂದಕ್ಕೆ ವಕೀಲಿ ಓದಿದವರು, ಮತ್ತೊಂದಕ್ಕೆ ಅರ್ಥಶಾಸ್ತ್ರದವರು, ನಾಲ್ಕನೆಯದಕ್ಕೆ ಪರಿಸರ ರಕ್ಷಣೆ ಗೊತ್ತಿರುವವರು. ಐದನೆಯದು ಜನಸಾಮಾನ್ಯರ ಕಡೆಯಿಂದ ಬರುವವರಿಗೆ. ಅದಕ್ಕೆ ಇಂಥದ್ದೇ ಓದು ಎಂಬ ಕಟ್ಟಳೆ ಇಲ್ಲ. ಗವರ್ನರ್ ಹೆಸರು ಹೇಳುತ್ತಾರೆ, ಸೆನೆಟ್ ಒಪ್ಪಬೇಕು. ಅವಧಿ ಐದು ವರ್ಷ, ಎಲ್ಲರದೂ ಒಟ್ಟಿಗೆ ಮುಗಿಯುವುದಿಲ್ಲ.

ಇನ್ನೂ ಒಂದು ಷರತ್ತು ಇದೆ. ನೇಮಕಕ್ಕೆ ಹಿಂದಿನ ಎರಡು ವರ್ಷದಲ್ಲಿ ವಿದ್ಯುತ್ ಕಂಪನಿಯಿಂದ ದೊಡ್ಡ ಆದಾಯ ಪಡೆದವರು ಆ ಕುರ್ಚಿಗೆ ಬರುವ ಹಾಗಿಲ್ಲ. ನ್ಯೂಯಾರ್ಕ್ ರಾಜ್ಯದವರು ಇದಕ್ಕೆ ಪೂರ್ತಿ ಉಲ್ಟಾ ಯೋಚನೆ ಮಾಡಿದ್ದಾರೆ ನೋಡು. ಅವರ ಎನರ್ಜಿ ಸಂಸ್ಥೆ ನೈಸರ್ಡಾ ಕೂಡ 1975ರದ್ದೇ. ಅದರ ಬೋರ್ಡಿನಲ್ಲಿ 13 ಜನ. ಸಾರಿಗೆ, ಪರಿಸರದಂಥ ಇಲಾಖೆಗಳ ಮುಖ್ಯಸ್ಥರು ನಾಲ್ವರು ಹುದ್ದೆಯ ಬಲದಿಂದಲೇ ಸದಸ್ಯರು. ಉಳಿದ ಒಂಬತ್ತರಲ್ಲಿ ಒಬ್ಬ ಎಂಜಿನಿಯರ್ ಅಥವಾ ಸಂಶೋಧಕ, ಒಬ್ಬ ಅರ್ಥಶಾಸ್ತ್ರಜ್ಞ, ಒಬ್ಬ ಪರಿಸರದವರು, ಒಬ್ಬರು ಗ್ರಾಹಕರ ಪರ ಮಾತಾಡುವವರು. ಜೊತೆಗೆ ಗ್ಯಾಸ್ ಕಂಪನಿಯ ಒಬ್ಬ ಅಧಿಕಾರಿ, ಕರೆಂಟ್ ಕಂಪನಿಯ ಒಬ್ಬ ಅಧಿಕಾರಿ ಇರಲೇಬೇಕು ಅಂತ ಕಾನೂನೇ ಹೇಳುತ್ತದೆ. ಮಿಕ್ಕ ಮೂವರು ಯಾರೂ ಆಗಬಹುದು. ತಂತಿ ಕಂಬ ನೋಡಿಕೊಳ್ಳುವವರ ಕಷ್ಟ ಗೊತ್ತಿಲ್ಲದೆ ತೀರ್ಮಾನ ಮಾಡಬಾರದು ಎಂಬುದು ಅಲ್ಲಿಯ ಲೆಕ್ಕಾಚಾರ. ಅದೂ ತಪ್ಪಲ್ಲ. ಆದರೆ ನನಗೆ ಕ್ಯಾಲಿಫೋರ್ನಿಯಾದ ಕ್ರಮವೇ ಸರಿ ಅನಿಸುತ್ತದೆ. ಕಂಪನಿಯವರು ಎದುರಿನ ಮೈಕಿನಲ್ಲಿ ನಿಂತು ಮಾತಾಡಲಿ, ಮೇಜಿನ ಆ ಕಡೆ ಬೇಡ.

ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಈ ಕಮಿಷನ್ನಿನ ಸಭೆಗೆ ನಾನು ಮೊದಲ ಸಲ ಹೋದದ್ದು 2009ರಲ್ಲಿ. ಟಿವಿಗಳು ಇಷ್ಟಕ್ಕಿಂತ ಜಾಸ್ತಿ ಕರೆಂಟ್ ತಿನ್ನಬಾರದು ಅಂತ ನಿಯಮ ಮಾಡಲು ಹೊರಟಿದ್ದರು. ಅಮೆರಿಕದಲ್ಲಿ ಅದೇ ಮೊದಲು. ನನ್ನ ಇಂಗ್ಲಿಷ್ ಆಗ ಅಷ್ಟಕ್ಕಷ್ಟೇ, ಹಿಂದಿನ ಸಾಲಿನಲ್ಲಿ ಕೂತೆ. ಕೋಟು ಹಾಕಿದವರು ಬಂದು, ಇದರಿಂದ ಅಂಗಡಿಗಳು ಮುಳುಗುತ್ತವೆ ಅಂದರು. ಅವರಾದ ಮೇಲೆ ಒಬ್ಬರು ಕೆಲಸದ ಬೂಟಿನಲ್ಲೇ ಬಂದು ಮನೆಯ ಬಿಲ್ಲು ತೋರಿಸಿದರು. ಮೇಜಿನ ಆ ಕಡೆಯವರು ಇಬ್ಬರ ಮಾತನ್ನೂ ಬರೆದುಕೊಂಡರು. ಯಾರು ಯಾವ ಕುರ್ಚಿಯವರು ಅಂತ ನನಗೆ ಗೊತ್ತಿರಲಿಲ್ಲ. ಪ್ರಶ್ನೆ ಕೇಳಿದಾಗ ಊಹೆ ಮಾಡಬಹುದಿತ್ತು. ಒಬ್ಬರಿಗೆ ಆಫ್ ಮಾಡಿದ ಮೇಲೂ ಟಿವಿ ಎಳೆಯುವ ಕರೆಂಟ್ ಎಷ್ಟು ಅನ್ನುವುದು ಬೇಕು. ಇನ್ನೊಬ್ಬರಿಗೆ ಬೆಲೆ ಏರಿದರೆ ಎಷ್ಟು ವರ್ಷಕ್ಕೆ ಬಿಲ್ಲಿನಲ್ಲಿ ವಾಪಸ್ ಬರುತ್ತದೆ ಅನ್ನುವುದು. ಮತ್ತೊಬ್ಬರು ಕಾನೂನಿನ ಒಂದು ಪದ ಹಿಡಿದು ಜಗ್ಗುತ್ತಿದ್ದರು. ಒಂದೇ ಟಿವಿಯನ್ನು ನಾಲ್ಕೂ ಮಗ್ಗುಲಿಗೆ ಹೊರಳಿಸಿ ನೋಡಿದ ಹಾಗೆ. ಅದೇ ನವೆಂಬರ್ 18ರಂದು ನಿಯಮ ಪಾಸಾಯಿತು.

ಮೇಜಿನ ಆ ಕಡೆಯ ಸಾಲಿನಲ್ಲಿ ಬಿಳಿ ಕೂದಲಿನ ಒಬ್ಬ ಹಿರಿಯರಿದ್ದರು, ಆರ್ಥರ್ ರೋಸನ್‌ಫೆಲ್ಡ್. ಆಗ ಅವರಿಗೆ 83. ಹೊರಗೆ ಬಂದ ಮೇಲೆ ಅವರ ವಿಷಯ ಓದಿದೆ. ಎನ್ರಿಕೊ ಫರ್ಮಿಯ ಕೈಕೆಳಗೆ ಪಿಎಚ್‌ಡಿ ಮಾಡಿದ ಭೌತವಿಜ್ಞಾನಿ, ಬರ್ಕ್ಲಿಯಲ್ಲಿ ಕಣಗಳ ಮೇಲೆ ಸಂಶೋಧನೆ ಮಾಡುತ್ತಿದ್ದವರು. 1973ರ ನವೆಂಬರ್, ಎಣ್ಣೆಗೆ ಹಾಹಾಕಾರ. ಒಂದು ಶುಕ್ರವಾರ ಸಂಜೆ ಮನೆಗೆ ಹೊರಟವರು ತಮ್ಮ ಮಹಡಿಯ ಖಾಲಿ ಕೋಣೆಗಳಲ್ಲೆಲ್ಲ ದೀಪ ಉರಿಯುವುದು ನೋಡಿದರು. ಆರಿಸೋಣ ಅಂದರೆ ಸ್ವಿಚ್ಚುಗಳು ಬೀರುಗಳ ಹಿಂದೆ, ಪುಸ್ತಕದ ಕಪಾಟುಗಳ ಹಿಂದೆ. ಹುಡುಕಿ ಆರಿಸುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಅಲ್ಲಿಂದ ಅವರ ಕೆಲಸದ ದಿಕ್ಕೇ ಬದಲಾಯಿತು. ಫ್ರಿಡ್ಜು, ಕಿಟಕಿ, ದೀಪ, ಇವುಗಳಲ್ಲಿ ಸೋರಿ ಹೋಗುವ ಕರೆಂಟನ್ನು ಉಳಿಸುವುದಕ್ಕೆ ಉಳಿದ ಆಯುಷ್ಯ ಕೊಟ್ಟರು. 1970ರ ದಶಕದ ಶುರುವಿನಲ್ಲಿ ಒಂದು ಫ್ರಿಡ್ಜು ವರ್ಷಕ್ಕೆ ಸುಮಾರು 1800 ಯೂನಿಟ್ ತಿನ್ನುತ್ತಿತ್ತು. ಮೂವತ್ತು ವರ್ಷದಲ್ಲಿ ಅದು ಸುಮಾರು ನಾಲ್ಕನೇ ಒಂದಕ್ಕೆ ಇಳಿಯಿತು. ಫ್ರಿಡ್ಜು ಮಾತ್ರ ದೊಡ್ಡದಾಯಿತು. ರೋಸನ್‌ಫೆಲ್ಡ್ 2000ದಿಂದ 2010ರವರೆಗೆ ಕಮಿಷನರ್ ಆಗಿದ್ದರು. 2017ರಲ್ಲಿ ತೀರಿಕೊಂಡರು.

ನಾನು ಈಗ ಮಾಡುವ ಕೆಲಸವೂ ಆ ಕಮಿಷನ್ನಿನ ನಿಯಮದಿಂದ ಹುಟ್ಟಿದ್ದು. ಮನೆ ಕಟ್ಟುವವರ ನಕ್ಷೆ ನೋಡಿ, ಗೋಡೆ ಕಿಟಕಿ ಬಿಸಿನೀರಿನ ಲೆಕ್ಕ ಹಾಕಿ, ನಿಯಮಕ್ಕೆ ಹೊಂದುತ್ತದಾ ಅಂತ ಬರೆದುಕೊಡುವುದು. ರಾಜ್ಯವನ್ನು 16 ಹವಾಮಾನ ವಲಯ ಮಾಡಿದ್ದಾರೆ, ನೀನಿರುವುದು 12ರಲ್ಲಿ. 2020ರಿಂದ ಹೊಸ ಮನೆಗಳಿಗೆ ಸೋಲಾರ್ ಹಾಕಬೇಕೆಂಬ ನಿಯಮವೂ ಇದೆ. ಕೆಲಸದ ಪರ್ಮಿಟ್ ಬಂದ ಮೇಲೆ ನಿನಗೆ ಇದು ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ. ಎಸ್ಟಿಮೇಟ್ ಬರೆದ ಕೈ ಅದು.

ಯಾರು ಎಲ್ಲಿ ಕೂರುತ್ತಾರೆ ಅನ್ನುವುದು ನನಗೆ ಯಾಕಿಷ್ಟು ಮುಖ್ಯ ಅಂತ ನಿನಗೆ ಬೇಗ ಅರ್ಥವಾದೀತು, ನೀನೂ ನಮ್ಮ ಕಡೆಯವಳೇ ಅಲ್ವಾ. ನನ್ನ ಅಜ್ಜನ ಮನೆ ಕರೂರು ಹೋಬಳಿಯ ಕಡೆ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದಕ್ಕೂ ಮೊದಲು ಯಾರೋ ಬಂದು, ನೀರು ಇಲ್ಲಿಯ ತನಕ ಬರುತ್ತದೆ ಅಂತ ಕಲ್ಲು ನೆಟ್ಟು ಹೋದರಂತೆ. ಯಾವ ಮಳೆಗೆ ಹೊಳೆ ಎಲ್ಲಿಯವರೆಗೆ ಏರುತ್ತದೆ, ಯಾವ ಹಾಡ್ಯದಲ್ಲಿ ಏನು ಬೆಳೆಯುತ್ತದೆ, ಎಲ್ಲಾ ಅಜ್ಜನಿಗೆ ಗೊತ್ತಿತ್ತು. ಕೇಳಿದವರು ಯಾರೂ ಇಲ್ಲ. ಹಂಚು, ಮರಮುಟ್ಟು, ಎರಡು ದನ ಹೊಡೆದುಕೊಂಡು ಈ ಕಡೆ ಬಂದರು. ಶರಾವತಿಯ ಪವರ್ ಹೌಸಿನಲ್ಲಿ ಹತ್ತು ಯಂತ್ರ, 1035 ಮೆಗಾವ್ಯಾಟ್. ಅದರ ಕರೆಂಟು ಘಟ್ಟದಾಚೆ ಬೆಂಗಳೂರಿನ ತನಕ ಹೋಯಿತು. ಹಿನ್ನೀರಿನ ಆಚೆ ಉಳಿದ ಊರುಗಳಲ್ಲಿ ಮಾತ್ರ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ ಗತಿ. ಹಕ್ಕುಪತ್ರದ ಗೋಳು ಅರವತ್ತು ವರ್ಷವಾದರೂ ಹಲವು ಮನೆಗಳಲ್ಲಿ ತೀರಿಲ್ಲ. ಈ ಸಲ ಸಿಗಂದೂರಿಗೆ ಹೊಸ ಸೇತುವೆಯ ಮೇಲೆ ಹೋದೆ. 2025ರ ಜುಲೈನಲ್ಲಿ ತೆರೆದದ್ದು, 2.44 ಕಿಲೋಮೀಟರ್. ಮೊದಲಾದರೆ ಲಾಂಚ್ ಕಾಯಬೇಕಿತ್ತು. ಸೇತುವೆಯ ನಡುವೆ ಅಮ್ಮ ಕೆಳಗೆ ನೀರು ತೋರಿಸಿ, ಇಲ್ಲೇ ಎಲ್ಲೋ ನಮ್ಮ ಕೊಟ್ಟಿಗೆ ಅಂದಳು.

ಅಣೆಕಟ್ಟು ಕಟ್ಟಿದ ಎಂಜಿನಿಯರುಗಳು ದೊಡ್ಡ ಕೆಲಸ ಮಾಡಿದರು, ಅದರಲ್ಲಿ ಅನುಮಾನ ಇಲ್ಲ. ಆದರೆ ನೀರಿನ ಲೆಕ್ಕ ಬಲ್ಲವರ ಪಕ್ಕದಲ್ಲೇ ಕಾಡಿನ ಲೆಕ್ಕ, ಮನೆಮಠದ ಲೆಕ್ಕ ಬಲ್ಲವರೂ ಸಮನಾಗಿ ಕೂತಿದ್ದರೆ? ಸ್ಯಾಕ್ರಮೆಂಟೊದ ಆ ಸಭೆಯಲ್ಲಿ ನನಗೆ ಬಂದ ಯೋಚನೆ ಇದೊಂದೇ.

ನಮ್ಮಲ್ಲಿ ಈ ಬಗ್ಗೆ ಏನೂ ಇಲ್ಲ ಅಂತ ತಿಳಿಯಬೇಡ. 2003ರ ವಿದ್ಯುತ್ ಕಾಯ್ದೆಯ 84ನೇ ಸೆಕ್ಷನ್ ಓದು. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದವರಿಗೆ ಎಂಜಿನಿಯರಿಂಗ್, ಹಣಕಾಸು, ವಾಣಿಜ್ಯ, ಅರ್ಥಶಾಸ್ತ್ರ, ಕಾನೂನು, ಮ್ಯಾನೇಜ್‌ಮೆಂಟ್ ಇವುಗಳ ತಿಳಿವು ಇರಬೇಕು ಅಂತಿದೆ. ಕಾನೂನು ಬಲ್ಲವರು ಒಬ್ಬರಾದರೂ ಇರಲೇಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದರ ಏರಿಸುವ ಮೊದಲು ಜನರ ಆಕ್ಷೇಪ ಕೇಳುತ್ತಾರೆ, ಮೆಸ್ಕಾಂ ಕೆಳಗಿರುವ ನಮ್ಮ ಜಿಲ್ಲೆಯವರೂ ಹೋಗಿ ಹೇಳಬಹುದು. ಆದರೆ 84ನೇ ಸೆಕ್ಷನ್ನಿನ ಆ ಪಟ್ಟಿಯಲ್ಲಿ ಪರಿಸರ ಎಂಬ ಪದ ಇಲ್ಲ. ನಮ್ಮ ಆಯೋಗ ಮುಖ್ಯವಾಗಿ ದರ ನೋಡುವುದು, ಕಾಡಿನ ಅನುಮತಿ ಬೇರೆ ಬಾಗಿಲಿನಲ್ಲಿ ಸಿಗುತ್ತದೆ, ಅದು ನನಗೆ ಗೊತ್ತು. ಕ್ಯಾಲಿಫೋರ್ನಿಯಾದಲ್ಲಿ 50 ಮೆಗಾವ್ಯಾಟ್ ಅಥವಾ ಅದಕ್ಕಿಂತ ದೊಡ್ಡ ಉಷ್ಣ ಸ್ಥಾವರಕ್ಕೆ ಒಪ್ಪಿಗೆ ಕೊಡುವವರೂ ಅದೇ ಐವರು. ಪರಿಸರದವರು ಅದೇ ಮೇಜಿನಲ್ಲಿರುತ್ತಾರೆ. ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಕರೆಂಟ್ ತೆಗೆಯುವ) ಯೋಜನೆಯ ಮಾತು ಬಂದಾಗ ಇಡೀ ಮಲೆನಾಡು ಯಾಕೆ ಬೀದಿಗಿಳಿಯಿತು ಅನ್ನುವುದಕ್ಕೆ ಒಂದು ಕಾರಣ ಇಲ್ಲೇ ಇದೆ ಅಂತ ನನ್ನ ನಂಬಿಕೆ. ಒಳಗೆ ಕುರ್ಚಿ ಇಲ್ಲದವರು ಹೊರಗೆ ನಿಂತೇ ಕೂಗಬೇಕು.

ನಿನ್ನ ಮನೆಗೆ ಕರೆಂಟ್ ಕೊಡುವ ಸ್ಮಡ್ ಬೇರೆಯೇ ತರಹ. ಅದು ಜನರದ್ದೇ ಸಂಸ್ಥೆ, 1923ರಲ್ಲಿ ವೋಟು ಹಾಕಿ ಮಾಡಿಕೊಂಡದ್ದು. ಏಳು ಜನ ನಿರ್ದೇಶಕರು, ಒಂದೊಂದು ವಾರ್ಡಿನಿಂದ ಚುನಾವಣೆಯಲ್ಲಿ ಗೆದ್ದು ಬರುತ್ತಾರೆ. 1989ರಲ್ಲಿ ಜನ ವೋಟು ಹಾಕಿ ತಮ್ಮದೇ ಅಣುಸ್ಥಾವರ ರ‍್ಯಾಂಚೊ ಸೆಕೊ ಮುಚ್ಚಿಸಿದರು. ಆಮೇಲೆ ಬಂದ ಮ್ಯಾನೇಜರ್ ಡೇವಿಡ್ ಫ್ರೀಮನ್ ಎಂಜಿನಿಯರಿಂಗೂ ಓದಿದ್ದರು, ಕಾನೂನೂ ಓದಿದ್ದರು. ಅವರ ಕಾಲದಲ್ಲಿ ಮನೆಮನೆಗೆ ನೆರಳಿನ ಮರ ಪುಕ್ಕಟೆ ಕೊಡತೊಡಗಿದರು, ಎಸಿಯ ಕರೆಂಟ್ ಉಳಿಯಲಿ ಅಂತ. ಕರೆಂಟ್ ಕಂಪನಿ ಸಸಿ ಹಂಚುವುದು ನೋಡಿ ನನಗೆ ನಮ್ಮೂರಿನ ನೆನಪಾಗಿ ಅಳು ಬಂದಿತ್ತು.

ಇನ್ನು ನೀನು ಹೋಗಬಹುದಾ ಅನ್ನುವುದು. ಖಂಡಿತ ಹೋಗಬಹುದು. ಕೇಳುವುದಕ್ಕೆ ಯಾವ ವೀಸಾದ ಅಡ್ಡಿಯೂ ಇಲ್ಲ. ಬಾಗಿಲಲ್ಲಿ ಹೆಸರು ಬರೆಸಲೇಬೇಕೆಂಬ ಕಡ್ಡಾಯವೂ ಇಲ್ಲ, ರಾಜ್ಯದ ಬಹಿರಂಗ ಸಭೆಗಳ ಕಾನೂನೇ ಹಾಗಿದೆ. ಯಾವ ವಿಷಯ ಚರ್ಚೆಗೆ ಬರುತ್ತದೆ ಅಂತ ಹತ್ತು ದಿನ ಮೊದಲೇ ಪ್ರಕಟಿಸುತ್ತಾರೆ. ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬುಧವಾರ ಬೆಳಿಗ್ಗೆ ಸೇರುತ್ತಾರೆ. ಫಾಲ್ಸಮ್‌ನಿಂದ ಗೋಲ್ಡ್ ಲೈನ್ ಟ್ರೇನು ಪೇಟೆ ನಡುವೆ ಇಳಿಸುತ್ತದೆ. ಮಾತಾಡಬೇಕು ಅನಿಸಿದರೆ ಮೂರು ನಿಮಿಷದಷ್ಟು ಸಿಗುತ್ತದೆ. ಧೈರ್ಯ ಸಾಲದಿದ್ದರೆ ಬರೆದು ಕಳಿಸು, ಅದೂ ದಾಖಲೆಗೆ ಸೇರುತ್ತದೆ. ಎದುರು ಕೂತವರು ಎಷ್ಟೇ ದೊಡ್ಡವರಾಗಲಿ, ತಲೆ ಬಗ್ಗಿಸಿ ಸಾರ್ ಸಾರ್ ಅನ್ನುವುದು ಬೇಡ. ಕಮಿಷನರ್ ಅಂದರೆ ಸಾಕು.

ಹೋಗುವ ಮೊದಲು ನಿನ್ನ ಊರಲ್ಲೇ ಇರುವ ಹಳೇ ಪವರ್ ಹೌಸ್ ನೋಡಿ ಬಾ. 1895ರಲ್ಲಿ ಅಲ್ಲಿಂದ 22 ಮೈಲಿ ದೂರದ ಸ್ಯಾಕ್ರಮೆಂಟೊಗೆ ಕರೆಂಟ್ ಕಳಿಸಿದ್ದರು. ಏಳು ವರ್ಷದ ಮೇಲೆ ನಮ್ಮ ಶಿವನಸಮುದ್ರದಿಂದ ಕೋಲಾರದ ಗಣಿಗೆ ಅದಕ್ಕಿಂತ ಎಷ್ಟೋ ದೂರ ಹೋಯಿತು. ಇದನ್ನು ಪಕ್ಕದ ಮನೆ ಅಜ್ಜನಿಗೆ ಹೇಳು, ಖುಷಿಪಡುತ್ತಾರೆ.

ಮತ್ತೆ, ಬ್ಯಾಕ್‌ಗ್ರೌಂಡ್ ಏನು ಅಂತ ಯಾರಾದರೂ ಕೇಳಿದರೆ "ಈಗ ಏನೂ ಇಲ್ಲ" ಅನ್ನಬೇಡ. ಎಲೆಕ್ಟ್ರಿಕಲ್ ಎಂಜಿನಿಯರ್, ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿಯುವ ಗುಡ್ಡದ ಊರುಗಳಲ್ಲಿ ಟಿಸಿ ಕೂರಿಸುವ ಲೆಕ್ಕ ಬರೆದಿದ್ದೇನೆ ಅನ್ನು. ಅಲ್ಲಿ ಕಾಡ್ಗಿಚ್ಚಿನ ಕಾಲದಲ್ಲಿ ಲೈನ್ ಮತ್ತು ಮರದ ತಕರಾರು ದೊಡ್ಡದು. ಕೇಳಿದವರು ಇನ್ನೊಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ.

ನಾನು ಸೆಪ್ಟೆಂಬರ್‌ನಲ್ಲಿ ವಾಪಸ್ ಬರುತ್ತೇನೆ. ಅಷ್ಟರೊಳಗೆ ಒಂದು ಸಭೆಗೆ ಹೋಗಿ ಬಾ. ಯಾರು ಯಾವ ಪ್ರಶ್ನೆ ಕೇಳಿದರು ಬರೆದಿಡು, ಅಕ್ಟೋಬರ್ ಸಭೆಗೆ ಇಬ್ಬರೂ ಸೇರಿ ಹೋಗೋಣ. ಅಪ್ಪೆಮಿಡಿ ಉಪ್ಪಿನಕಾಯಿ ನಿನಗೂ ಒಂದು ಬಾಟಲಿ ಕಟ್ಟಿಸುತ್ತಿದ್ದೇನೆ. ಬೇರೆ ಏನಾದರೂ ತರಬೇಕಿದ್ದರೆ ಈ ವಾರದೊಳಗೆ ತಿಳಿಸು.

ನಿನ್ನ ಅಕ್ಕ