ಕೋಲು ಯಾವ ಕೈಗೆ? ಬೋಲ್ಟು ಯಾಕೆ ಸಡಿಲ?

ಪ್ರಶ್ನೆ: ಅಮ್ಮನಿಗೆ ಬಲಗಡೆಯ ಸೊಂಟದ ಕೀಲು ಸವೆದಿದೆ. ಊರುಗೋಲನ್ನು ಎಡಗೈಯಲ್ಲಿ ಹಿಡಿಯಲು ಹೇಳಿದ್ದಾರೆ. ನೋವು ಬಲಕ್ಕೆ, ಕೋಲು ಎಡಕ್ಕೆ. ಇದು ಸರಿಯೇ?

ಸರಿ. ಲೆಕ್ಕ ಹಾಕಿಯೇ ನೋಡಿ. ಪ್ರತಿ ಹೆಜ್ಜೆಯಲ್ಲೂ ಒಂದು ಗಳಿಗೆ ಇಡೀ ಮೈ ಒಂಟಿಕಾಲಿನ ಮೇಲಿರುತ್ತದೆ. 60 ಕೆ.ಜಿ. ತೂಕದವರಾದರೆ, ಊರಿದ ಕಾಲಿನ 10 ಕಳೆದು 50 ಕೆ.ಜಿ. ಆ ಕೀಲಿನ ಪಾಲಿಗೆ. ಅದೂ ನೆಟ್ಟಗೆ ಕೂರುವುದಿಲ್ಲ. ಕೀಲಿನಿಂದ ಸುಮಾರು 10 ಸೆಂ.ಮೀ. ಒಳಗೆ ಬೀಳುತ್ತದೆ. ಸೊಂಟ ಎಡಕ್ಕೆ ಕುಸಿಯದಂತೆ ಎಳೆದು ಹಿಡಿಯುವುದು ಕೀಲಿನ ಹೊರಮಗ್ಗುಲಿನ ಸ್ನಾಯು. ಅದಕ್ಕೆ ಸಿಗುವ ಸನ್ನೆ, ಅಂದರೆ ಕೀಲಿನಿಂದ ಅದರ ಎಳೆತಕ್ಕಿರುವ ದೂರ, ಬರೀ 5 ಸೆಂ.ಮೀ. ಸನ್ನೆ ಅರ್ಧವಾದ್ದರಿಂದ ಎಳೆತ ದುಪ್ಪಟ್ಟು, 100 ಕೆ.ಜಿ. ಭಾರ 50, ಎಳೆತ 100, ಒಟ್ಟು 150 ಕೆ.ಜಿ. ಕೀಲಿನ ಗುಂಡಿನ ಮೇಲೆ! ಬರ್ಲಿನ್‌ನಲ್ಲಿ ಬರ್ಗ್‌ಮನ್ ಮತ್ತು ಸಂಗಡಿಗರು ಕೃತಕ ಕೀಲಿನೊಳಗೇ ಅಳತೆಯ ಸಾಧನ ಕೂರಿಸಿ ನೋಡಿದಾಗಲೂ ನಡಿಗೆಯಲ್ಲಿ ದೇಹತೂಕದ ಸುಮಾರು ಎರಡೂವರೆ ಪಟ್ಟು ಸಿಕ್ಕಿದೆ.

ಈಗ ಎಡಗೈ ಕೋಲಿನ ಮೇಲೆ 5 ಕೆ.ಜಿ. ಮಾತ್ರ ಊರಲಿ. ಆ ಕೈ ಬಲಕೀಲಿನಿಂದ 40 ಸೆಂ.ಮೀ. ದೂರದಲ್ಲಿದೆ, ಸನ್ನೆ ಉದ್ದ. ಸ್ನಾಯುವಿನ ಎಳೆತ 60ಕ್ಕೂ ಕೀಲಿನ ಹೊರೆ 105ಕ್ಕೂ ಇಳಿಯುತ್ತದೆ. ಇದು ನಿಂತ ಭಂಗಿಯ ಲೆಕ್ಕ. ನಡೆಯುವಾಗ ಲಾಭ ಕಡಿಮೆ, ಆದರೂ ಇದೆ. ಬಲಗೈಯಲ್ಲೇ ಹಿಡಿದರೆ ಕೋಲಿನ ಒತ್ತು ಸೊಂಟವನ್ನು ಎಡಕ್ಕೇ ದೂಡುತ್ತದೆ. ಅದನ್ನು ತಡೆಯಲು ಮೈ ಬಲಕ್ಕೆ ವಾಲಬೇಕು.

ಚಪ್ಪಲಿ ಮೆಟ್ಟಿ ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಕೋಲು ಎತ್ತರವಾದರೆ ಭುಜ ಮೇಲೇಳುತ್ತದೆ, ಭಾರ ಊರಲಾಗದು. ಕೋಲೂ ಬಲಗಾಲೂ ಒಟ್ಟಿಗೆ ಮುಂದೆ ಹೋಗಲಿ. ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು. ಇಳಿಯುವಾಗ ಕೋಲು, ಬಲಗಾಲು ಮೊದಲು. ಬುಡದ ರಬ್ಬರ್ ಸವೆದು ನುಣುಪಾಗಿದ್ದರೆ ಇವತ್ತೇ ಬದಲಿಸಿ.

ಪ್ರಶ್ನೆ: ಕಬ್ಬಿಣದ ಫ್ರೇಮಿಗೆ ಕೂರಿಸಿದ ಪಂಪ್‌ಸೆಟ್ ಮೋಟರಿನ 10 ಮಿ.ಮೀ. ಬೋಲ್ಟುಗಳು ಸ್ಪ್ರಿಂಗ್ ವಾಷರ್ ಇದ್ದರೂ ಸಡಿಲವಾಗುತ್ತವೆ. ಯಾಕೆ?

ಸ್ಪ್ರಿಂಗ್ ವಾಷರ್ ನಂಬಬೇಡಿ. ಅದು ಸ್ವಲ್ಪ ಬಿಗಿಗೇ ಚಪ್ಪಟೆಯಾಗಿ, ಆಮೇಲೆ ಬರೀ ಬಿಲ್ಲೆಯಾಗಿ ಉಳಿಯುತ್ತದೆ. ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿದಂತೆ, ನಟ್ಟು ಬಿಚ್ಚಿಕೊಳ್ಳುವುದು ಮುಖ್ಯವಾಗಿ ಜೋಡಣೆ ಅಡ್ಡಡ್ಡ ಜಾರಿದಾಗ. ಜಾರದಷ್ಟು ಬಿಗಿ ಇದ್ದರೆ ಅದು ಬಿಚ್ಚುವುದಿಲ್ಲ.

ತಲೆಯ ಮೇಲೆ 8.8 ಎಂದು (ಅದು ಗಟ್ಟಿತನದ ದರ್ಜೆ) ಅಚ್ಚಿರುವ ಬೋಲ್ಟು ಹಾಕಿ. ತಿರುಪಿನ ಎಳೆ ಒಣಗಿರಲಿ, ಎಣ್ಣೆ ಸವರಿ ಅಷ್ಟೇ ಬಲದಿಂದ ತಿರುಗಿಸಿದರೆ ಎಳೆತ ಹೆಚ್ಚಿ ಬೋಲ್ಟು ತುಂಡಾದೀತು. 45 ನ್ಯೂಟನ್ ಮೀಟರ್ ಬಿಗಿ, ಅಂದರೆ 25 ಸೆಂ.ಮೀ. ಸ್ಪ್ಯಾನರಿನ ತುದಿಯಲ್ಲಿ 18 ಕೆ.ಜಿ. ಎಳೆತ. ಇದರಿಂದ ಬೋಲ್ಟಿನಲ್ಲಿ ಎರಡು ಟನ್ನಿಗೂ ಮೀರಿದ ಹಿಡಿತ ಹುಟ್ಟುತ್ತದೆ. ಅದಕ್ಕೂ ಮೊದಲು ಮೋಟರಿನ ಪಾದದಡಿಯ ಬಣ್ಣ, ತುಕ್ಕು ಕೆರೆಯಿರಿ; ಅವು ನುಜ್ಜಾದಷ್ಟೂ ಬಿಗಿ ಹೋಗುತ್ತದೆ. ಒಂದು ಪಾದ ಎತ್ತಿಕೊಂಡಿದ್ದರೆ ಅಡಿಗೆ ತಗಡು ಕೊಡಿ. ಪಾದದ ತೂತು ಉದ್ದುದ್ದವಾಗಿದ್ದರೆ ದಪ್ಪ ಚಪ್ಪಟೆ ವಾಷರ್ ಬೇಕೇ ಬೇಕು. ಒಂದು ದಿನ ಓಡಿಸಿ, ನಿಲ್ಲಿಸಿ, ಅದೇ ಬಿಗಿಗೆ ಮತ್ತೊಮ್ಮೆ ನೋಡಿ.