ಆರ್‌ಸಿ (ರೇಡಿಯೋ ನಿಯಂತ್ರಿತ) ವಿಮಾನದಲ್ಲಿಟ್ಟು ಚಿತ್ರ ತೆಗೆಯಲು ಯಾವ ಕಾಂಪ್ಯಾಕ್ಟ್ ಕ್ಯಾಮೆರಾ ಒಳ್ಳೆಯದು? ನೆಲದಿಂದ ಅದರ ಗುಂಡಿ ಒತ್ತುವುದು ಹೇಗೆ?

ಫೋಮ್ ವಿಮಾನ, ಒಂದು ಚಾನೆಲ್ (ಒಂದು ಆಜ್ಞೆ ಕಳಿಸುವ ದಾರಿ) ಖಾಲಿ ಉಳಿದಿರುವ ಟ್ರಾನ್ಸ್‌ಮಿಟರ್, ಊರಿನ ಕೆರೆಯನ್ನೂ ತೋಟಗಳನ್ನೂ ಮೇಲಿನಿಂದ ಸೆರೆಹಿಡಿದು ನಕ್ಷೆ ಮಾಡುವ ಆಸೆ, ಯಾವ ಕ್ಯಾಮೆರಾದಲ್ಲಿ ಮೆಗಾಪಿಕ್ಸೆಲ್ ಹೆಚ್ಚು ಎಂಬ ಚಿಂತೆ: 2013ರಲ್ಲಿ ಇವೆಲ್ಲವೂ ನನ್ನವೂ ಆಗಿದ್ದವು. ಮೆಗಾಪಿಕ್ಸೆಲ್ ಲೆಕ್ಕ ಬಿಟ್ಟು, ಲೆನ್ಸ್ ಒಳಗೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡು ಎಂದು ಆಗ ಯಾರಾದರೂ ಹೇಳಿದ್ದರೆ ನನಗೆ ಒಂದು ಕ್ಯಾಮೆರಾದ ಬೆಲೆ ಉಳಿಯುತ್ತಿತ್ತು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಮನೆಯಲ್ಲಿದ್ದ ಹಳೆಯ ಕ್ಯಾಮೆರಾದ ಶಟರ್ ಗುಂಡಿಯ ಮೇಲೆ, ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ, 9 ಗ್ರಾಂ ತೂಕದ ಸರ್ವೋ (ಸಂಕೇತಕ್ಕೆ ತಕ್ಕಷ್ಟು ತೋಳು ತಿರುಗಿಸುವ ಪುಟ್ಟ ಮೋಟಾರ್) ಒಂದನ್ನು ಕೂರಿಸಿದೆ. ವಿಮಾನದೊಳಗಿನ ರಿಸೀವರ್ ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಕಳಿಸುವ ವಿದ್ಯುತ್ ಪಲ್ಸ್ 1 ಮಿಲಿಸೆಕೆಂಡಿನಿಂದ 2 ಮಿಲಿಸೆಕೆಂಡಿಗೆ ಹಿಗ್ಗಿದಾಗ ಸರ್ವೋದ ತೋಳು ತಿರುಗಿ ಗುಂಡಿಯನ್ನು ಅದುಮುತ್ತದೆ. ಆದರೆ ಆ ಗುಂಡಿಗೆ ಎರಡು ಹಂತಗಳಿವೆ: ಅರ್ಧ ಒತ್ತಿದಾಗ ಫೋಕಸ್, ಪೂರ್ತಿ ಒತ್ತಿದಾಗ ಚಿತ್ರ. ತೋಳು ಒಂದೇ ಏಟಿಗೆ ಇಳಿದರೆ, ಕ್ಯಾಮೆರಾ ಫೋಕಸ್ ಹುಡುಕಿ ಮುಗಿಸುವಷ್ಟರಲ್ಲಿ ವಿಮಾನ ಕೆರೆ ದಾಟಿರುತ್ತದೆ. ತೋಳಿನ ಓಟ ಕೂದಲೆಳೆಯಷ್ಟು ಹೆಚ್ಚಾದರೂ ಸರ್ವೋ ಗುಂಡಿಗೆ ಆನಿಕೊಂಡು ಗುಂಯ್‌ಗುಡುತ್ತ ಬ್ಯಾಟರಿ ತಿನ್ನುತ್ತದೆ, ಕಡಿಮೆಯಾದರೆ ಚಿತ್ರವೇ ಬರುವುದಿಲ್ಲ. ಟ್ರಾನ್ಸ್‌ಮಿಟರಿನ ಎಂಡ್ ಪಾಯಿಂಟ್, ಅಂದರೆ ತೋಳು ನಿಲ್ಲುವ ಮಿತಿ, ತಿದ್ದಿ ಇದನ್ನು ಸರಿಪಡಿಸಬಹುದು, ನಾನೂ ಸರಿಪಡಿಸಿದೆ. ಅದರಿಂದ ದೊಡ್ಡ ಪ್ರಯೋಜನವೇನೂ ಆಗಲಿಲ್ಲ, ಏಕೆಂದರೆ ತೊಡಕಿದ್ದದ್ದು ಸರ್ವೋದಲ್ಲಲ್ಲ. ನೆಲದ ಮೇಲೆ ನಿಂತವನಿಗೆ 100 ಮೀಟರ್ ಎತ್ತರದ ವಿಮಾನ ಕೆರೆಯ ಮೇಲಿದೆಯೋ, ಏರಿಯಾಚೆಯ ಜಾಲಿ ಪೊದೆಗಳ ಮೇಲಿದೆಯೋ ತಿಳಿಯುವುದೇ ಇಲ್ಲ. ಇನ್ನು ಬೆರಳು ಸ್ವಿಚ್ ಹುಡುಕುವಾಗ ಕಣ್ಣು ವಿಮಾನದಿಂದ ಸರಿಯುತ್ತದೆ. ಫೋಮ್ ವಿಮಾನಗಳು ಮರಕ್ಕೆ ಸಿಕ್ಕಿಕೊಳ್ಳುವುದು ಬಹುಮಟ್ಟಿಗೆ ಅಂಥ ಗಳಿಗೆಯಲ್ಲೇ.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೆಲದಿಂದ ಒಂದೊಂದು ಚಿತ್ರಕ್ಕೂ ಗುಂಡಿ ಒತ್ತಬೇಕೆಂಬ ಆಲೋಚನೆಯನ್ನು ಕೈಬಿಡಿ. 1888ರಲ್ಲಿ ಫ್ರಾನ್ಸಿನ ಆರ್ಥರ್ ಬಾತ್ಯು ಗಾಳಿಪಟಕ್ಕೆ ಕಟ್ಟಿದ ಕ್ಯಾಮೆರಾದ ಶಟರ್ ತೆರೆದದ್ದು ನಿಧಾನವಾಗಿ ಉರಿಯುವ ಬತ್ತಿಯಿಂದ. ಇಪ್ಪತ್ತು ವರ್ಷಗಳ ನಂತರ ಜರ್ಮನಿಯ ಯೂಲಿಯಸ್ ನೋಯ್‌ಬ್ರೋನರ್ ಪಾರಿವಾಳಗಳ ಎದೆಗೆ ಕಟ್ಟಿದ ಪುಟ್ಟ ಕ್ಯಾಮೆರಾಗಳೂ ತಮ್ಮೊಳಗಿನ ಸಮಯಯಂತ್ರದಿಂದಲೇ ನಡೆಯುತ್ತಿದ್ದವು. ರೇಡಿಯೋ ಕೈಯಲ್ಲಿದೆಯೆಂಬ ಒಂದೇ ಕಾರಣಕ್ಕೆ ನಾವು ಅವರಿಗಿಂತ ಹಿಂದೆ ಹೋಗಬೇಕಾಗಿಲ್ಲ. ಕ್ಯಾಮೆರಾ ತಾನೇ ನಿಗದಿತ ಅಂತರದಲ್ಲಿ ಚಿತ್ರ ತೆಗೆಯುತ್ತಿರಲಿ; ನಿಮ್ಮ ಚಾನೆಲ್ ಅದನ್ನು ಆರಂಭಿಸಲು ಮತ್ತು ನಿಲ್ಲಿಸಲು ಮಾತ್ರ ಇರಲಿ.

ನಾನು ಕ್ಯಾನನ್ ಪವರ್‌ಶಾಟ್ ಎಸ್100 ಕೊಂಡದ್ದು ಇದೇ ಕಾರಣಕ್ಕೆ. ಬ್ಯಾಟರಿ, ಕಾರ್ಡ್ ಸೇರಿ ಅದರ ತೂಕ 198 ಗ್ರಾಂ. ಹವ್ಯಾಸಿಗಳು ಬರೆದ ಸಿಎಚ್‌ಡಿಕೆ ಎಂಬ ತಂತ್ರಾಂಶ ಕ್ಯಾನನ್ನಿನ ಹಲವು ಕಾಂಪ್ಯಾಕ್ಟ್‌ಗಳಲ್ಲಿ ಎಸ್‌ಡಿ ಕಾರ್ಡಿನಿಂದಲೇ ಓಡುತ್ತದೆ, ಕ್ಯಾಮೆರಾದ ಮೂಲ ಫರ್ಮ್‌ವೇರನ್ನು (ಕಂಪನಿ ಒಳಗಿಟ್ಟ ತಂತ್ರಾಂಶವನ್ನು) ಬದಲಿಸುವುದಿಲ್ಲ. ಕಾರ್ಡಿನ ಬದಿಯ ಪುಟ್ಟ ಬೀಗದ ಗುಂಡಿಯನ್ನು ‘ಲಾಕ್’ ಕಡೆಗೆ ಸರಿಸಿದರೆ ಮಾತ್ರ ಅದು ತಾನಾಗಿ ಎಚ್ಚರಗೊಳ್ಳುತ್ತದೆ. ಬೀಗ ಹಾಕಿದ ಕಾರ್ಡಿಗೆ ಚಿತ್ರ ಹೇಗೆ ಬರೆಯುತ್ತದೆ ಎಂದು ಗಾಬರಿಯಾಗಬೇಡಿ, ಬರೆಯುತ್ತದೆ. ಯುಎಸ್‌ಬಿ ಕೇಬಲ್ಲಿನ ಕೆಂಪು ಮತ್ತು ಕಪ್ಪು ತಂತಿಗಳ ನಡುವೆ 5 ವೋಲ್ಟ್ ಕಾಣಿಸಿಕೊಂಡಿತೆಂದರೆ ಕ್ಯಾಮೆರಾದಲ್ಲಿರುವ ಸ್ಕ್ರಿಪ್ಟ್ ಅದನ್ನೇ ಆಜ್ಞೆಯೆಂದು ತಿಳಿಯುತ್ತದೆ. ರಿಸೀವರಿನ ಸಿಗ್ನಲ್ ತಂತಿಯನ್ನು ನೇರವಾಗಿ ಅಲ್ಲಿಗೆ ಜೋಡಿಸಬೇಡಿ. ಪಲ್ಸ್‌ನ ಉದ್ದ ಅಳೆದು 5 ವೋಲ್ಟನ್ನು ಹಚ್ಚುವ, ಆರಿಸುವ ಒಂದು ಸಣ್ಣ ಎಲೆಕ್ಟ್ರಾನಿಕ್ ಸ್ವಿಚ್ ನಡುವೆ ಇರಬೇಕು.

ಮೆಗಾಪಿಕ್ಸೆಲ್ ವಿಚಾರವನ್ನು ಲೆಕ್ಕ ಹಾಕಿಯೇ ನೋಡಿ. ಜೂಮ್ ಮಾಡದಿದ್ದಾಗಿನ 5.2 ಮಿಲಿಮೀಟರ್ ಫೋಕಲ್ ಉದ್ದದಲ್ಲಿ, 100 ಮೀಟರ್ ಎತ್ತರದಿಂದ, ಎಸ್100ರ 12 ಮೆಗಾಪಿಕ್ಸೆಲ್ ಚಿತ್ರ ಸುಮಾರು 143 ಮೀಟರ್ ಉದ್ದ, 107 ಮೀಟರ್ ಅಗಲದ ನೆಲವನ್ನು ಹಿಡಿಯುತ್ತದೆ. ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ ಸುಮಾರು 3.6 ಸೆಂಟಿಮೀಟರ್. ವಿಮಾನ ಸೆಕೆಂಡಿಗೆ 13 ಮೀಟರ್ ವೇಗದಲ್ಲಿದ್ದು ಶಟರ್ 1/250 ಸೆಕೆಂಡ್ ತೆರೆದಿದ್ದರೆ, ಅಷ್ಟರಲ್ಲಿ ಅದು 5 ಸೆಂಟಿಮೀಟರಿಗಿಂತ ಹೆಚ್ಚು ಮುಂದೆ ಸಾಗಿರುತ್ತದೆ, ಅಂದರೆ ಪ್ರತಿ ಪಿಕ್ಸೆಲ್ ಪಕ್ಕದ್ದರ ಮೇಲೆ ಹರಡಿಕೊಳ್ಳುತ್ತದೆ. ಶಟರ್ 1/1000ಕ್ಕೆ ಇಳಿಯದೆ ಮೆಗಾಪಿಕ್ಸೆಲ್ ಹೆಚ್ಚಿಸಿದರೆ ಮಸುಕನ್ನೇ ದೊಡ್ಡದಾಗಿ ನೋಡಿದಂತಾಗುತ್ತದೆ. ಅದೇ ವೇಗದಲ್ಲಿ, ಚಿತ್ರದ ಅಗಲವನ್ನು ಹಾರಾಟದ ದಿಕ್ಕಿಗಿಟ್ಟು ಎರಡು ಸೆಕೆಂಡಿಗೊಂದು ಚಿತ್ರ ತೆಗೆದರೆ ಮುಕ್ಕಾಲು ಭಾಗ ಒಂದರ ಮೇಲೊಂದು ಬರುತ್ತದೆ, ನಕ್ಷೆ ಹೊಲಿಯಲು ಅದು ಸಾಕು. ಜೂಮ್ ಮುಟ್ಟಬೇಡಿ, ಫೋಕಸನ್ನು ಅನಂತಕ್ಕೆ ಕಟ್ಟಿಹಾಕಿ, ಕೈ ಅಲುಗಾಟ ತಡೆಯುವ ಇಮೇಜ್ ಸ್ಟೆಬಿಲೈಸೇಶನ್ ಆಫ್ ಮಾಡಿ.

ಇನ್ನು ನನ್ನ ಹಣ ಹೋದ ಬಗೆ. ಸ್ವಿಚ್ ಹಾಕಿದರೆ ಕ್ಯಾಮೆರಾ ಚಿತ್ರ ತೆಗೆಯತೊಡಗಬೇಕು, ಆರಿಸಿದರೆ ಪ್ಲೇಬ್ಯಾಕ್ ಮೋಡ್‌ಗೆ ಹೋಗಿ ಲೆನ್ಸನ್ನು ಒಳಗೆಳೆದುಕೊಳ್ಳಬೇಕು ಎಂದು ಸ್ಕ್ರಿಪ್ಟ್ ಹೊಂದಿಸಿದ್ದೆ. ಮೇಜಿನ ಮೇಲೆ ಪರೀಕ್ಷಿಸಿಯೂ ಇದ್ದೆ, ಆದರೆ ಪ್ರತಿ ಪರೀಕ್ಷೆ ಮುಗಿದೊಡನೆ ಅಭ್ಯಾಸಬಲದಿಂದ ಪವರ್ ಗುಂಡಿ ಒತ್ತುತ್ತಿದ್ದೆ. ಪವರ್ ಆರಿಸಿದರೆ ಲೆನ್ಸ್ ತಕ್ಷಣ ಒಳಗೆ ಹೋಗುತ್ತದೆ. ಪ್ಲೇಬ್ಯಾಕ್‌ಗೆ ಬದಲಿಸಿದರೆ ಹಾಗಲ್ಲ: ಕ್ಯಾನನ್ ಮೆನುವಿನಲ್ಲಿ ಲೆನ್ಸ್ ಹಿಂದೆಗೆತಕ್ಕೆಂದೇ ಒಂದು ಸಾಲಿದ್ದು, ಅಲ್ಲಿ 1 ನಿಮಿಷ ಮತ್ತು 0 ಸೆಕೆಂಡ್ ಎಂಬ ಎರಡು ಆಯ್ಕೆಗಳಿರುತ್ತವೆ, ಕಾರ್ಖಾನೆಯಿಂದ ಬರುವಾಗ 1 ನಿಮಿಷಕ್ಕೆ ಇರುತ್ತದೆ. ತೆಗೆದ ಚಿತ್ರವನ್ನು ಇಣುಕಿ ನೋಡಿ ಮತ್ತೆ ಚಿತ್ರಕ್ಕೆ ತೊಡಗುವವನಿಗೆ ಲೆನ್ಸ್ ಪದೇ ಪದೇ ಒಳಹೊರಗೆ ಆಡಬಾರದೆಂಬ ಅನುಕೂಲ ಅದು. ಚಕ್ರವಿಲ್ಲದ, ಹೊಟ್ಟೆಯ ಮೇಲೆ ಇಳಿಯುವ ವಿಮಾನಕ್ಕೆ ಅದೇ ಕಂಟಕ. ನಾನು ಕೊನೆಯ ತಿರುವಿನಲ್ಲಿ ಸ್ವಿಚ್ ಆರಿಸಿದೆ; ತಿರುವಿನಿಂದ ನೆಲಕ್ಕೆ ಒಂದು ನಿಮಿಷ ಎಲ್ಲಿ ಹಿಡಿಯುತ್ತದೆ? ಹೊಟ್ಟೆಯ ತೂತಿನಿಂದ ಚಾಚಿಕೊಂಡೇ ಇದ್ದ ಲೆನ್ಸ್ ಒಣಗಿದ ಕೆರೆಯಂಗಳವನ್ನು ಉದ್ದಕ್ಕೂ ಉತ್ತಿತು. ಒಂದರೊಳಗೊಂದು ಸರಿಯುವ ಉಂಗುರಗಳ ಸಂದಿಗೆ ಹೂಳು ಹೊಕ್ಕಿತು, ನಾನು ಓಡಿ ತಲುಪುವಷ್ಟರಲ್ಲಿ ಒಂದು ನಿಮಿಷ ಮುಗಿದು ಮೋಟಾರ್ ಆ ಹೂಳಿನ ಸಮೇತ ಲೆನ್ಸನ್ನು ಒಳಗೆಳೆಯಲು ಹೋಗಿ ಅರ್ಧಕ್ಕೆ ನಿಂತಿತು. ಪರದೆಯ ಮೇಲೆ ‘ಲೆನ್ಸ್ ಎರರ್’. ದುರಸ್ತಿಗೆ ಕೇಳಿದ ಮೊತ್ತಕ್ಕೆ ಇನ್ನೊಂದು ಹಳೆಯ ಕ್ಯಾಮೆರಾ ಸಿಗುತ್ತಿತ್ತು, ಅದನ್ನೇ ಕೊಂಡೆ.

ಎರಡನೆಯದನ್ನು ಕೂರಿಸುವಾಗ ಆ ಸಾಲನ್ನು 0 ಸೆಕೆಂಡಿಗೆ ಬದಲಿಸಿದ್ದಲ್ಲದೆ, ಚಾಚಿದ ಲೆನ್ಸಿನ ತುದಿಯೂ ಹೊಟ್ಟೆಯ ಮಟ್ಟಕ್ಕಿಂತ ಒಳಗಿರುವಂತೆ ಕ್ಯಾಮೆರಾವನ್ನು ಮೇಲಕ್ಕೆ ಸರಿಸಿದೆ. ರಿಸೀವರಿನ ಫೇಲ್‌ಸೇಫ್‌ನಲ್ಲಿ (ಸಂಪರ್ಕ ಕಡಿದಾಗ ಏನು ಮಾಡಬೇಕೆಂಬ ಹೊಂದಿಕೆಯಲ್ಲಿ) ಕ್ಯಾಮೆರಾ ಚಾನೆಲ್ ಆರುವಂತೆ ಹೊಂದಿಸುವುದನ್ನೂ ಮರೆಯಬೇಡಿ. ಸಂಪರ್ಕ ಕಡಿದ ವಿಮಾನ ಎಲ್ಲಿ ಬೀಳುತ್ತದೋ, ಲೆನ್ಸ್ ಮುಚ್ಚಿಕೊಂಡು ಬೀಳಲಿ. ಲೆನ್ಸ್ ಹೊರಗೆ ಚಾಚದ ಪೆಂಟಾಕ್ಸ್‌ನ ಜಲನಿರೋಧಕ ಕ್ಯಾಮೆರಾಗಳು ಈ ಭಯಕ್ಕೆ ಸರಿಯಾದ ಉತ್ತರವೆನಿಸುತ್ತವೆ, ಆದರೆ ಅವುಗಳ ಇಂಟರ್ವಲ್ (ಚಿತ್ರದಿಂದ ಚಿತ್ರಕ್ಕೆ ಇರುವ ಅಂತರ) ಗಾಳಿಪಟಕ್ಕಷ್ಟೇ ಒಗ್ಗುವಷ್ಟು ನಿಧಾನ. ರಿಕೋ ಜಿಆರ್‌ನಲ್ಲಿ ಇಂಟರ್ವಲ್ ಶೂಟಿಂಗ್ ಮೊದಲೇ ಇದೆ, ಸೆನ್ಸರ್ ದೊಡ್ಡದು, ಚಿತ್ರ ಸೊಗಸು. ಆದರೆ ಅಷ್ಟು ಬೆಲೆಯ ವಸ್ತುವನ್ನು ಫೋಮಿನೊಳಗೆ ಇಡಲು ನನಗಂತೂ ಧೈರ್ಯವಿಲ್ಲ. ಎಸ್100ರಲ್ಲಿ ಜಿಪಿಎಸ್ ಇದೆಯೆಂದು ಹೆಚ್ಚು ಬೆಲೆ ಕೊಡಬೇಡಿ. ವೇಗವಾಗಿ ಸಾಗುವ ವಿಮಾನದಲ್ಲಿ ಅದನ್ನು ನಾನು ನೆಚ್ಚುವುದಿಲ್ಲ, ಬ್ಯಾಟರಿಯನ್ನಂತೂ ಅದು ಕುಡಿಯುತ್ತದೆ.

ಡ್ರೋನ್ ಕೊಂಡರೆ ಮುಗಿಯಿತಲ್ಲ ಎನ್ನುವವರು ಸಿಗುತ್ತಾರೆ. ನಾಲ್ಕು ಚೆಂದದ ಚಿತ್ರ ಸಾಕಾದರೆ ಅವರ ಮಾತು ಸರಿ, ಆದರೆ ವಿದೇಶಿ ಡ್ರೋನ್‌ಗಳ ಆಮದನ್ನು 2022ರ ಫೆಬ್ರವರಿಯಲ್ಲಿ ಭಾರತ ನಿಷೇಧಿಸಿದ ಮೇಲೆ ನಮ್ಮಲ್ಲಿ ಆ ದಾರಿ ಮೊದಲಿನಷ್ಟು ಸುಲಭವಾಗಿಲ್ಲ. ವಿಮಾನವಾದರೂ ಡ್ರೋನ್ ನಿಯಮಗಳು 2021 ನಿಮಗೂ ಅನ್ವಯಿಸುತ್ತವೆ: ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಕೆರೆ ಹಸಿರು ವಲಯದಲ್ಲಿದೆಯೇ ನೋಡಿ, ಅಲ್ಲಿಯೂ 120 ಮೀಟರ್ ಮೀರಬೇಡಿ.

ಎಸ್100 ಈಗ ಹಳೆಯ ಮಾಲಾಗಿಯೇ ಸಿಗುತ್ತದೆ. ಮಾರುವವರ ಮುಂದೆಯೇ ಚಿತ್ರ ತೆಗೆಯುವ ಸ್ಥಿತಿಯಿಂದ ಪ್ಲೇಬ್ಯಾಕ್ ಒತ್ತಿ, ಲೆನ್ಸ್ ಒಳಗೆ ಹೋಗುವವರೆಗೆ ಕಾಯಿರಿ. ಒಂದು ನಿಮಿಷ ಬೇಸರವೆನಿಸಿದರೂ ಕಾಯಿರಿ. ಸರಿಯುವಾಗ ಮರಳು ಕರಕರ ಎನ್ನುವ ಸದ್ದು ಕೇಳಿಸಿದರೆ, ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ.