ಗೋಬಿ ಬಿಡಿ, ಆ ಹಸಿ ಅಕ್ಕಿ ವಿಷಯ ಹೇಳಿ

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿ ಸಿಟ್ಟೂ ಬಂತು, ಗಾಬರಿಯೂ ಆಯಿತು. ಬರೆದವರು ಬಾಗಲಕೋಟೆ ನವನಗರದ ಒಬ್ಬ ತಾಯಿ. ಅವರಿಗೆ ಆಫೀಸ್ ಕೆಲಸ, ಯಜಮಾನರಿಗೆ ಅಂಗಡಿ. ಮಗಳಿಗೆ ಹದಿನಾರು, ಪಿಯುಸಿ ಮೊದಲ ವರ್ಷ, ಸೈನ್ಸ್. ಬೆಳಿಗ್ಗೆ ಆರಕ್ಕೆ ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಮತ್ತೆ ಟ್ಯೂಷನ್. ಡಬ್ಬಿ ಅರ್ಧ ಹಾಗೇ ವಾಪಸ್ ಬರುತ್ತೆ. ಸಂಜೆ ಗೆಳತಿಯರ ಜೊತೆ ಗೋಬಿ, ಚಿಪ್ಸ್. ರಾತ್ರಿ ರೊಟ್ಟಿ ಅಂದರೆ ಮುಖ ತಿರುಗಿಸುತ್ತಾಳೆ. 'ಈ ಹೊರಗಿನ ತಿಂಡಿ ಚಟ ಬಿಡಿಸೋದು ಹೇಗೆ, ನನಗೆ ಟೈಮೇ ಸಿಗಲ್ಲ, ಇವರು ನೋಡಿದರೆ ನೀ ನೌಕರಿ ಬಿಡು ಎಲ್ಲಾ ಸರಿ ಆಗ್ತೈತಿ ಅಂತಾರೆ' ಎಂದು ಕೇಳಿದ್ದಾರೆ.

ಇಷ್ಟೇ ಆಗಿದ್ದರೆ ನಾನೂ ನಾಲ್ಕು ಬುದ್ಧಿಮಾತು ಹೇಳಿ ಮುಗಿಸುತ್ತಿದ್ದೆ. ಆದರೆ ಪತ್ರದ ಕೊನೆಯಲ್ಲಿ, ಸುಮ್ನೆ ನಗೋಕೆ ಅಂತ ಬರೆದ ಹಾಗೆ, ಒಂದು ಸಾಲು ಇದೆ. ಮಗಳು ಅಡುಗೆಮನೆಗೆ ಬಂದಾಗೆಲ್ಲ ಡಬ್ಬಿಯಿಂದ ಹಸಿ ಅಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾಳಂತೆ. 'ಮದುವ್ಯಾಗ ಮಳಿ ಬರ್ತೈತಿ ನೋಡ' ಅಂತ ಅತ್ತೆಯವರು ಬೈತಾರಂತೆ. ಅದರ ಹಿಂದೆಯೇ, ಇತ್ತೀಚೆಗೆ ಮೆಟ್ಟಿಲು ಹತ್ತಿದರೆ ಸುಸ್ತು ಅಂತಾಳೆ, ಓದಿನ ಟೆನ್ಷನ್ ಇರಬೇಕು ಅಂತ ನೀವೇ ತೀರ್ಮಾನ ಮಾಡಿಬಿಟ್ಟಿದ್ದೀರಿ.

ಅಕ್ಕಾವ್ರೇ, ಮಳೆ ವಿಷಯ ಆಮೇಲೆ ನೋಡೋಣ. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ, ಐಸ್ ಇಂಥವನ್ನು ತಿನ್ನಬೇಕು ಅಂತ ಪದೇ ಪದೇ ಅನಿಸೋದು ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಆಗಿರುವುದರ ಗುರುತು ಆಗಿರಬಹುದು. ಎಲ್ಲರಿಗೂ ಹಾಗೇ ಅಂತಲ್ಲ, ಕೆಲವರಿಗೆ ಅದು ಬರೀ ಅಭ್ಯಾಸ. ಆದರೆ ಹದಿನಾರರ ಹುಡುಗಿ, ಜೊತೆಗೆ ಸುಸ್ತು, ಜೊತೆಗೆ ಅರ್ಧ ಡಬ್ಬಿ ಅಂದರೆ ಪರೀಕ್ಷೆ ಮಾಡಿಸದೆ ಬಿಡೋ ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಅಂದರೆ ನಿಮ್ಮ ಮಗಳ ಟ್ಯೂಷನ್ ಬೆಂಚಿನ ಮೇಲೆ ಕೂತ ಹುಡುಗಿಯರಲ್ಲಿ ಇನ್ನೂ ಎಷ್ಟು ಜನ ಇದ್ದಾರೋ.

ಈಗ ಬೆಳಗಿನ ವಿಷಯ. 'ಚಹಾ, ಎರಡು ಟೋಸ್ಟ್ ತಗೊಂಡು ಹೋಗ್ತಾಳೆ, ಅದರ ಚಿಂತೆ ಇಲ್ಲ' ಅಂದಿದ್ದೀರಿ. ನನಗೆ ಅದರದೇ ಚಿಂತೆ! ಮಕ್ಕಳಿಗೆ ಚಹಾ ಬೇಡ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ನಮ್ಮ ಕಡೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ, ತೊಟ್ಟಿಲ ಕೂಸು ಎದ್ದು ಕೂತರೂ ಅದಕ್ಕೊಂದು ಬಸಿ ಚಹಾ. ಚಹಾದಲ್ಲಿರುವ ಟ್ಯಾನಿನ್ ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತದ ಹಾಗೆ ತಡೆಯುತ್ತೆ. ಅದಕ್ಕೇ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ನಂತರ ಚಹಾ ಕಾಫಿ ಬೇಡ ಅಂತ ಹೇಳಿದೆ. ಇನ್ನು ಆ ಟೋಸ್ಟು, ಮೈದಾ ಮತ್ತು ಸಕ್ಕರೆ. ರಾತ್ರಿ ಹತ್ತಕ್ಕೆ ಉಂಡವಳು ಮರುದಿನ ಮಧ್ಯಾಹ್ನ ಒಂದೂವರೆಗೆ ಆರಿದ ಡಬ್ಬಿ ತೆಗೀತಾಳೆ, ಅದೂ ಗೆಳತಿಯರ ಮುಂದೆ ಹತ್ತು ನಿಮಿಷದಲ್ಲಿ. ಇಷ್ಟು ಹೊತ್ತು ನಿಜವಾದ ಊಟ ಇಲ್ಲದವಳು ಸಂಜೆ ಐದಕ್ಕೆ ಗೋಬಿ ಗಾಡಿ ಮುಂದೆ ನಿಲ್ಲದೆ ಇನ್ನೇನು ಮಾಡ್ತಾಳೆ? ನೀವು ಚಟ ಅಂತ ಕರೆದಿರೋದು ಹಸಿವು.

ಗೋಬಿಯವನನ್ನು ಬೈಯಬೇಡಿ, ಪಾಪ. (ಕೆಂಪು ಬಣ್ಣ ಹಾಕಿದ್ದರೆ ಮಾತ್ರ ಬೈಯಿರಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ.) ವಾರಕ್ಕೊಮ್ಮೆ ಗೆಳತಿಯರ ಜೊತೆ ತಿನ್ನಲಿ ಬಿಡಿ. ಅದನ್ನೂ ಕಿತ್ತುಕೊಂಡರೆ ಆ ಹುಡುಗಿಗೆ ದಿನದಲ್ಲಿ ನಗೋ ಹೊತ್ತೇ ಇಲ್ಲ.

ಬೈಬೇಕಾದವರು ಬೇರೆ ಇದ್ದಾರೆ. ಒಬ್ಬರು ಆರು ಗಂಟೆ ಬ್ಯಾಚಿನ ಟ್ಯೂಷನ್ ಸರ್. ಬೆಳೆಯೋ ಮಕ್ಕಳನ್ನು ಬರೀ ಹೊಟ್ಟೆಯಲ್ಲಿ ಎರಡು ತಾಸು ಕೂರಿಸಿ ಗಣಿತ ತಲೆಗೆ ಹತ್ತಿಸ್ತೀನಿ ಅನ್ನೋದು ಯಾವ ಲೆಕ್ಕ? ಇನ್ನೊಬ್ಬರು ನಿಮ್ಮ ಯಜಮಾನರು. ಬೆಳಿಗ್ಗೆ ಮಗಳನ್ನು ಬೈಕ್ ಮೇಲೆ ಬಿಟ್ಟು ಬಂದು ಮತ್ತೆ ಮಲಗ್ತಾರೆ ಅಂತ ನೀವೇ ಬರೆದಿದ್ದೀರಿ. ಅಂದರೆ ಐದೂವರೆಗೆ ಎದ್ದೇ ಇರ್ತಾರೆ, ಅಲ್ವಾ? ಹಾಗಾದರೆ ನೀವು ಯಾಕೆ ನೌಕರಿ ಬಿಡಬೇಕು? ಅವರೇ ಒಂದು ತಟ್ಟೆ ಹಚ್ಚಿ ಕೊಡಲಿ. ಒಲೆ ಹಚ್ಚೋದೂ ಬೇಡ. ಕಟಕ ರೊಟ್ಟಿ ತಿಂಗಳಾದರೂ ಕೆಡಲ್ಲ, ಮನೆಯಲ್ಲಿ ಆಗದಿದ್ದರೆ ಊರಲ್ಲಿ ರೊಟ್ಟಿ ಮಾಡಿ ಮಾರೋ ಹೆಣ್ಣುಮಕ್ಕಳು ಇದ್ದಾರೆ, ಅವರಿಗೂ ನಾಲ್ಕು ಕಾಸು ಆಗುತ್ತೆ. ಅದಕ್ಕೆ ಶೇಂಗಾ ಹಿಂಡಿ, ಮೊಸರು. ಇಲ್ಲಾ ರಾತ್ರಿಯೇ ತೆಗೆದಿಟ್ಟ ಮೊಳಕೆ ಹೆಸರುಕಾಳು, ಮೇಲೆ ಲಿಂಬು ಹಿಂಡಿ. ಲಿಂಬು ಬರೀ ರುಚಿಗಲ್ಲ, ಕಾಳಿನಲ್ಲಿರೋ ಕಬ್ಬಿಣ ಮೈಗೆ ಹತ್ತೋಕೆ ಅದರ ಸಿ ವಿಟಮಿನ್ ಬೇಕು. ರಾತ್ರಿ ಅತ್ತೆಯವರ ಕೈಯ ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಆಗಲಿ. ಅತ್ತೆಯವರನ್ನು ನೀವು ಹಳೇ ಕಾಲದವರು ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದ್ದೀರಿ, ಆದರೆ ಹಸಿ ಅಕ್ಕಿ ತಿನ್ನೋದನ್ನು ಮೊದಲು ಕಂಡವರು ಅವರೇ ಅನ್ನೋದನ್ನು ಮರೀಬೇಡಿ.

ಒಂದು ಮಾತು, ನೀವು ಕೇಳದಿದ್ದರೂ ಹೇಳ್ತೀನಿ. ಇದನ್ನು ಓದಿ ಸೀದಾ ದಾಳಿಂಬೆ ತರೋಕೆ ಓಡಬೇಡಿ. ನಮ್ಮ ಜಿಲ್ಲೆಯಲ್ಲಿ ದಾಳಿಂಬೆ ಬೆಳೀತಾರೆ, ಕೆಂಪಗಿದೆ, ಹಾಗಾಗಿ ತಿಂದರೆ ರಕ್ತ ಆಗುತ್ತೆ ಅಂತ ಎಲ್ಲರೂ ನಂಬಿದ್ದಾರೆ. ಹಣ್ಣು ಒಳ್ಳೇದೇ, ಆದರೆ ಅದರಲ್ಲಿ ಕಬ್ಬಿಣ ತೀರಾ ಕಡಿಮೆ. ರಕ್ತಹೀನತೆ ಇರೋದೇ ನಿಜ ಆದರೆ ಬರೀ ಊಟದಿಂದ ಬೇಗ ಸರಿ ಹೋಗಲ್ಲ, ಮಾತ್ರೆ ಬೇಕಾಗುತ್ತೆ.

ಹಾಗಾಗಿ ನಾನು ಹೇಳೋದು ಒಂದೇ ಕೆಲಸ. ಈ ಶನಿವಾರ ಟ್ಯೂಷನ್ ತಪ್ಪಿಸಿ ಮಗಳನ್ನು ಡಾಕ್ಟರ್ ಹತ್ತಿರ ಕರಕೊಂಡು ಹೋಗಿ, ಹಿಮೋಗ್ಲೋಬಿನ್ ನೋಡಿಸಿ. ಸರ್ಕಾರಿ ಆಸ್ಪತ್ರೆಯಲ್ಲೂ ಆಗುತ್ತೆ. 12 ಗ್ರಾಂಗಿಂತ ಕಡಿಮೆ ಬಂದರೆ ರಕ್ತಹೀನತೆ. ಹಸಿ ಅಕ್ಕಿ ವಿಷಯ ಬಾಯಿಬಿಟ್ಟು ಹೇಳಿ, ನಾಚಿಕೆ ಬೇಡ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ ಅಂತ ಮಗಳನ್ನು ಮನೆಯಲ್ಲೇ ಕೇಳಿಕೊಂಡು ಹೋಗಿ, ಅಪ್ಪನ ಮುಂದೆ ಅವಳು ಹೇಳಲಿಕ್ಕಿಲ್ಲ. ಹೈಸ್ಕೂಲಲ್ಲಿ ವಾರಕ್ಕೊಮ್ಮೆ ಕೊಡ್ತಿದ್ದ ಕಬ್ಬಿಣದ ನೀಲಿ ಮಾತ್ರೆ ನುಂಗಿದ್ದಳಾ, ಕಿಟಕಿಯಿಂದ ಎಸೆದಿದ್ದಳಾ ಅಂತಲೂ ಕೇಳಿ, ಸಿಟ್ಟು ಮಾಡಬೇಡಿ. ಅಂಗಡಿಯಿಂದ ನೀವೇ ಟಾನಿಕ್ ತರಬೇಡಿ. ಡಾಕ್ಟರ್ ಮಾತ್ರೆ ಬರೆದುಕೊಟ್ಟರೆ ಅದನ್ನು ಚಹಾ ಜೊತೆ ಕೊಡಬೇಡಿ, ಸಂಡಾಸು ಕಪ್ಪಗೆ ಆದರೆ ಹೆದರಿ ನಿಲ್ಲಿಸಲೂ ಬೇಡಿ.

ಆವತ್ತು ಟ್ಯೂಷನ್ ಸರ್ ಫೋನ್ ಮಾಡಿದರೆ ಯಜಮಾನರೇ ಎತ್ತಲಿ.